ಅಮಾವಾಸ್ಯೆಯ ಅಳತೆ

ನಮ್ಮ ನಡುಮನೆಯ ಬಾಗಿಲಿಗೆ ಹೋದ ವಾರ ಹೊಸ ಪರದೆ ಬಂತು. ಬಂತು ಎನ್ನುವುದಕ್ಕಿಂತ ಒಂದು ಅಡಿ ಕಡಿಮೆ ಬಂತು ಎನ್ನುವುದು ಸರಿ. ಅಡುಗೆಮನೆಯಲ್ಲಿ ಕೂತ ನನ್ನ ಹೆಂಡತಿ ಸರೋಜಾಳಿಗೆ ಈಗ ಬಂದವರ ಮುಖ ಕಾಣುವುದಿಲ್ಲ, ಪಾದ ಮಾತ್ರ ಕಾಣುತ್ತದೆ. ಪಾದ ನೋಡಿಯೇ ಕಾಫಿಯೋ, ಬರೀ ನೀರೋ ಎಂದು ತೀರ್ಮಾನಿಸುವ ಮಟ್ಟಕ್ಕೆ ಅವಳು ಒಂದೇ ವಾರದಲ್ಲಿ ಪಳಗಿದ್ದಾಳೆ.

ಈ ಅನಾಹುತಕ್ಕೆ ಕಾರಣ ನನ್ನ ಹಳೆಯ ಟೇಪು. ಚರ್ಮದ ಡಬ್ಬಿಯೊಳಗೆ ಸುತ್ತಿಕೊಂಡಿರುವ ಈ ಬಟ್ಟೆ ಟೇಪನ್ನು ನನಗೆ ಕೆಲಸ ಸಿಕ್ಕ ವರ್ಷ ಕೊಂಡಿದ್ದೆ. ಅದರ ಮೊದಲ ಒಂದು ಅಡಿ ಎಂದೋ ಹರಿದು ಹೋಗಿದೆ. ಹಾಗಾಗಿ ಅದರಲ್ಲಿ ಅಳೆದವರು ಬಂದ ಅಂಕಿಯಲ್ಲಿ ಒಂದು ಅಡಿ ಕಳೆಯಬೇಕು. ಬಾಗಿಲನ್ನು ಅಳೆದ ಸರೋಜ ಅದನ್ನು ನೆನಪಿಟ್ಟುಕೊಂಡು ಒಂದು ಅಡಿ ಕಳೆದೇ ಚೀಟಿಯಲ್ಲಿ ಬರೆದಳು. ಚೀಟಿ ನೋಡಿದ ನಾನು, ಇವಳಿಗೆಲ್ಲಿ ಗೊತ್ತಿರುತ್ತದೆ ಎಂದುಕೊಂಡು ಇನ್ನೊಂದು ಅಡಿ ಕಳೆದು ಟೈಲರಿಗೆ ಹೇಳಿದೆ. ಒಂದೇ ಮನೆಯಲ್ಲಿ ಇಬ್ಬರು ಜಾಣರಿದ್ದರೆ ಹೀಗೇ ಆಗುವುದು.

"ಹೊಸ ಟೇಪು ತಗೊಳ್ರೀ ಅಂದ್ರೆ ಕೇಳಲ್ಲ. ಇದನ್ನ ಯಾವ ಮ್ಯೂಸಿಯಮ್ಮಿಗೆ ಕೊಡಾಕೆ ಇಟ್ಕಂಡಿದೀರೋ!" ಎಂದಳು ಸರೋಜ.

ನಾನು ಕೇಳುವುದಿಲ್ಲ, ನಿಜ. ತುಂಡು ಟೇಪು ಹಿಡಿದವನು ಎಚ್ಚರವಾಗಿರುತ್ತಾನೆ ಎನ್ನುವುದು ನನ್ನ ಮೂವತ್ತು ವರ್ಷದ ಸಿದ್ಧಾಂತ. ನಾನು ಚಳ್ಳಕೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ಸಿವಿಲ್ ಡ್ರಾಯಿಂಗ್ ಕಲಿಸುವವನು. ಹೊಸದಾಗಿ ಸೇರಿದ ಮಕ್ಕಳಿಗೆ ಮೊದಲ ದಿನವೇ ಈ ಟೇಪು ಕೊಟ್ಟು ತರಗತಿಯನ್ನು ಅಳೆಯಲು ಹೇಳುತ್ತೇನೆ. ಅವರು ಒಂದು ಅಡಿ ಹೆಚ್ಚಿಗೆ ಬರೆದು ತರುತ್ತಾರೆ. 'ಆ ಒಂದು ಅಡಿ ಎಲ್ಲಿದೆ, ತೋರಿಸು ನಡಿ' ಎಂದು ಅವರನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋಗುವಾಗ ನನಗಾಗುವ ಸಂತೋಷ ಸಣ್ಣದಲ್ಲ. ಮಕ್ಕಳು ನನಗೆ ತೂಗುಗುಂಡು ಮೇಷ್ಟ್ರು ಎಂದು ಹೆಸರಿಟ್ಟಿದ್ದಾರೆ. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಗಾರೆಯವರು ದಾರದಲ್ಲಿ ಇಳಿಬಿಡುವ ಗುಂಡು ಅದು. ಹಾಗೆ ಕರೆದದ್ದು ನನ್ನ ಶಿಸ್ತನ್ನು ನೋಡಿಯೋ, ಹೊಟ್ಟೆಯನ್ನು ನೋಡಿಯೋ ಎಂದು ನಾನು ವಿಚಾರಿಸಲು ಹೋಗಿಲ್ಲ.

ಪರದೆಯ ವಿಷಯ ಬಿಡಿ. ಅದು ಮನೆಯ ಮಾತು. ಕೆಲಸದ ಮಾತಿಗೆ ಬಂದರೆ ಈ ಟೇಪಿನಲ್ಲಿ ಅಳೆದ ಯಾವ ಕಟ್ಟಡದಲ್ಲೂ ನಾನು ಒಂದಂಗುಲ ತಪ್ಪಿದವನಲ್ಲ. ಇದನ್ನು ಎದೆ ತಟ್ಟಿ ಹೇಳುತ್ತೇನೆ. ಆದರೂ ನನ್ನ ಜೀವಮಾನದ ಅತಿ ದೊಡ್ಡ ತಪ್ಪು ಅಳತೆಯನ್ನು ಇದೇ ಟೇಪು ಹಿಡಿದು, ಒಂದಂಗುಲವೂ ತಪ್ಪದೆ ಮಾಡಿದೆ. ಅದನ್ನು ನಿಮಗೆ ಹೇಳಬೇಕೆಂದೇ ಕೂತಿದ್ದೇನೆ.

ಅದಕ್ಕೆ ಮೊದಲು ನಮ್ಮವ್ವನ ಅಳತೆಯ ಬಗ್ಗೆ ಒಂದು ಮಾತು. ನಾನು ಹುಟ್ಟಿದ್ದು ದೊಡ್ಡಉಳ್ಳಾರ್ತಿ ಕಡೆಯ ಒಂದು ಹಳ್ಳಿಯಲ್ಲಿ. ಕುರಿಯೂ ಕಂಬಳಿಯೂ ಇದ್ದ ಮನೆ. ನಮ್ಮಲ್ಲಿ ಮನೆಯನ್ನು ಅಡಿಯಲ್ಲಿ ಅಳೆಯುತ್ತಿರಲಿಲ್ಲ, ಕಂಬಳಿಯಲ್ಲಿ ಅಳೆಯುತ್ತಿದ್ದರು. 'ಅವರದು ಆರು ಕಂಬಳಿ ಪಡಸಾಲೆ' ಎಂದರೆ ಆರು ಕಂಬಳಿ ಹಾಸಿ ಅಷ್ಟು ಜನ ಮೈಚಾಚಬಹುದು ಎಂದು ಅರ್ಥ. ನಮ್ಮ ಮನೆ ಕಟ್ಟಿಸುವಾಗ ಅವ್ವ ಗಾರೆಯವನಿಗೆ ಹೇಳಿದ್ದು ಒಂದೇ ಮಾತು: ಪಡಸಾಲೆ ಎಂಟು ಕಂಬಳಿ ಹಿಡಿಯಬೇಕು. ಅವನು ನಮ್ಮದೇ ಒಂದು ಕಂಬಳಿಯನ್ನು ಈಸಿಕೊಂಡು, ನೆಲದ ಮೇಲೆ ಎಂಟು ಸಲ ಹಾಸಿ ಮಡಚಿ, ಸುತ್ತ ಕಡ್ಡಿಯಿಂದ ಗೆರೆ ಎಳೆದು ಪಾಯ ತೋಡಿದ. ಮೇಲೆ ಮಣ್ಣಿನ ಮಾಳಿಗೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಕರ್ಲ ಮಣ್ಣು ತಂದು ಹೊದಿಸಿದರೆ ಒಂದು ಹನಿ ಸೋರುತ್ತಿರಲಿಲ್ಲ. ನಾನೀಗ ಸೋರದ ಮಾಳಿಗೆಗೆ ಏಳು ಬಗೆಯ ರಾಸಾಯನಿಕಗಳ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಬರೆಯುವ ಆ ತರಗತಿಯಲ್ಲಿ ಮಳೆ ಬಂದರೆ ಬಕೆಟ್ ಇಡುತ್ತೇವೆ.

ಡಿಪ್ಲೊಮಾ ಮುಗಿಸಿ ಊರಿಗೆ ಹೋದವನು ಮಾಡಿದ ಮೊದಲ ಕೆಲಸವೆಂದರೆ ಆ ಮನೆಯನ್ನು ಅಳೆದದ್ದು. ಎರಡು ಗೋಡೆಗಳು ಒಂದಕ್ಕೊಂದು ಸಮ ಇಲ್ಲ, ಒಂದು ಮೂಲೆಯೂ ಲಂಬಕೋನಕ್ಕಿಲ್ಲ. ನಾನು ಗಾಬರಿಯಾಗಿ ಅವ್ವನಿಗೆ ವರದಿ ಒಪ್ಪಿಸಿದೆ.

"ಅವ್ವಾ, ಈ ಮನೆಯಾಗೆ ಒಂದು ಮೂಲೆನೂ ಸರಿ ಇಲ್ಲ."

ಅವ್ವ ನೂಲುವುದನ್ನು ನಿಲ್ಲಿಸಲಿಲ್ಲ. "ಮೂಲೆನಾಗೆ ಯಾರು ಮಲಗ್ತಾರಪ್ಪ?" ಎಂದಳು.

ಇಂಥ ಅವ್ವನ ಮಗ ನಾನು. ಆದರೆ ನಿಜ ಹೇಳಿಬಿಡುತ್ತೇನೆ, ಚಿಕ್ಕಂದಿನಲ್ಲಿ ನನಗೆ ಕಂಬಳಿಯ ಕೆಲಸವೆಂದರೆ ನಾಚಿಕೆ. ಕಂಬಳಿ ನೇಯುವ ಮೊದಲು ಉದ್ದನೆಯ ಎಳೆಗಳನ್ನು ಗೂಟದಿಂದ ಗೂಟಕ್ಕೆ ಬಯಲಲ್ಲಿ ಎಳೆದು ಕಟ್ಟಬೇಕು. ಅದಕ್ಕೆ ಹಾಸು ಎನ್ನುತ್ತಾರೆ. ಆ ಎಳೆಗಳಿಗೆ ಹುಣಸೆ ಬೀಜ ಕುದಿಸಿದ ಗಂಜಿಯನ್ನು ಕುಂಚದಿಂದ ಬಳಿಯಬೇಕು. ಗಂಜಿ ಹೀರಿದ ಉಣ್ಣೆಯ ಎಳೆ ಒಣಗಿ ಬಿರುಸಾದರೇ ಮಗ್ಗ ಒಪ್ಪುವುದು. ಆ ಗಂಜಿಯ ಹುಳಿ ವಾಸನೆ ಅವ್ವನ ಸೀರೆಗೆ, ನಮ್ಮ ಚೀಲಕ್ಕೆ, ನನ್ನ ಅಂಗಿಗೆ ಅಂಟಿಕೊಂಡಿರುತ್ತಿತ್ತು. ಹೈಸ್ಕೂಲಿಗೆಂದು ಚಳ್ಳಕೆರೆಗೆ ಬಂದಾಗ ಹಾಸ್ಟೆಲಿನ ಹುಡುಗರು ನನ್ನ ಪಕ್ಕದ ಹಾಸಿಗೆ ಬೇಡವೆಂದರು. ಪೆನ್ಸಿಲಿಗೆ, ಹಾಳೆಗೆ ಯಾವ ವಾಸನೆಯೂ ಇರುವುದಿಲ್ಲ ಎಂದೇ ನಾನು ಡ್ರಾಯಿಂಗ್ ಬೋರ್ಡ್ ಹಿಡಿದೆನೋ ಏನೋ. ಆ ವಾಸನೆಯನ್ನು ಮರೆಯುವುದರಲ್ಲಿ ನಾನು ಎಷ್ಟು ಯಶಸ್ವಿಯಾದೆ ಎನ್ನುವುದನ್ನು ಮುಂದೆ ನೀವೇ ನೋಡುತ್ತೀರಿ.

ಈಗ ಕ್ಯಾಂಪಸ್ಸಿನ ವಿಷಯಕ್ಕೆ ಬರೋಣ. ಊರಾಚೆ ದನ ಮೇಯುವ ಕಾವಲಿನ ಕಡೆ ಸಂಶೋಧನೆಯ ದೊಡ್ಡ ದೊಡ್ಡ ಕ್ಯಾಂಪಸ್ಸುಗಳು ಎದ್ದ ಮೇಲೆ ನಮ್ಮ ಊರಿನವರ ಬಾಯಲ್ಲಿ ಆ ಪದ ಕುಣಿಯತೊಡಗಿತು. ಶಿಶುವಿಹಾರಕ್ಕೂ ಕ್ಯಾಂಪಸ್ ಬೇಕಾಯಿತು. ಬೇಕರಿಯ ಮಹಡಿಯ ಮೇಲಿನ ಟ್ಯೂಷನ್ನಿನವರೂ ಕ್ಯಾಂಪಸ್ ಎಂದು ಬೋರ್ಡು ಬರೆಸಿದರು. ನಮ್ಮ ಕಾಲೇಜು ಆಗ ಬಸ್ ನಿಲ್ದಾಣದ ಹತ್ತಿರದ ಒಂದು ಇಕ್ಕಟ್ಟಾದ ಬಾಡಿಗೆ ಕಟ್ಟಡದಲ್ಲಿತ್ತು. ಬಳ್ಳಾರಿ ಬಸ್ಸಿನ ಕಂಡಕ್ಟರ್ ಕೂಗಿದ್ದೂ ನಾನು ಪಾಠ ಹೇಳಿದ್ದೂ ಸೇರಿ ಮಕ್ಕಳ ನೋಟ್ಸ್ ಆಗುತ್ತಿತ್ತು. ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು ಒಂದು ದಿನ, ಊರೊಳಗೆ ಮುಚ್ಚಿ ಬಿದ್ದಿದ್ದ ಕಡಲೆಕಾಯಿ ಎಣ್ಣೆ ಮಿಲ್ಲೊಂದು ನಮ್ಮದಾಯಿತು, ಅದನ್ನೇ ಕ್ಯಾಂಪಸ್ ಮಾಡುವುದು ಎಂದು ಪ್ರಕಟಿಸಿದರು.

ಚಳ್ಳಕೆರೆ ಎಂದರೆ ಒಂದು ಕಾಲಕ್ಕೆ ಎಣ್ಣೆ ಮಿಲ್ಲುಗಳ ಊರು. ನಾನು ಹಾಸ್ಟೆಲಿನಲ್ಲಿದ್ದಾಗ ಈ ಮಿಲ್ಲಿನ ಸೈರನ್ನಿಗೇ ಏಳುತ್ತಿದ್ದೆ. ಗೇಟಿನ ಮುಂದೆ ಎತ್ತಿನ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು, ಹಿಂಡಿಯ ಬಿಸಿ ವಾಸನೆ ಬೀದಿ ತುಂಬ ಇರುತ್ತಿತ್ತು. ಒಳಗೆ ಕಾಯಿ ಒಣಗಿಸಲು ಕಲ್ಲು ಚಪ್ಪಡಿ ಹಾಸಿದ ವಿಶಾಲವಾದ ಅಂಗಳ. ಅದರ ಪಡುವಲಿಗೆ ಎತ್ತರದ ಗೋದಾಮು. ಮಿಲ್ಲು ನಿಂತು ಎಷ್ಟೋ ವರ್ಷಗಳಾಗಿ, ಯಂತ್ರಗಳೆಲ್ಲ ಗುಜರಿಗೆ ಹೋಗಿ, ಚಪ್ಪಡಿಯ ಅಂಗಳ, ಗೋಡೆಗಳು ಮತ್ತು ಒಂದು ಚಿಮಣಿ ಉಳಿದಿದ್ದವು.

ಇದನ್ನು ಕಾಲೇಜು ಮಾಡಲು ಬೆಂಗಳೂರಿನಿಂದ ನಿವೇದಿತಾ ಎಂಬ ಆರ್ಕಿಟೆಕ್ಟ್ ಬಂದರು. ವಯಸ್ಸಿನಲ್ಲಿ ನನ್ನ ಮಗಳಂತಿದ್ದರು. ಅಧ್ಯಕ್ಷರಿಗೆ ಎಲ್ಲವನ್ನೂ ಕೆಡವಿ ಗಾಜಿನ ಕಟ್ಟಡ ಎಬ್ಬಿಸಿ, ನಡುವೆ ಒಂದು ಕಾರಂಜಿ ಹಾರಿಸುವ ಆಸೆ. ನಲ್ಲಿಯಲ್ಲಿ ನೀರು ಯಾವ ದಿನ ಬರುತ್ತದೆ ಎಂದು ಕಾಯುವ ಊರಿನಲ್ಲಿ ಕಾರಂಜಿ! ಆ ಹುಡುಗಿ ನಗಲಿಲ್ಲ. "ಸರ್, ಈ ಗೋಡೆಗಳು ಇನ್ನೂ ಗಟ್ಟಿಯಾಗಿವೆ. ಕೆಡವೋದು ಬೇಡ. ಮಿಲ್ಲಿನ ಹಾಲ್ ಲೈಬ್ರರಿ ಆಗುತ್ತೆ, ಗೋದಾಮು ಡ್ರಾಯಿಂಗ್ ಹಾಲ್ ಆಗುತ್ತೆ" ಎಂದರು. ಆ ಕ್ಷಣಕ್ಕೇ ನಾನು ಅವರ ಪಕ್ಷ ಸೇರಿದೆ. ಇರುವುದನ್ನೆಲ್ಲ ಅಳೆದು ನಕ್ಷೆ ಮಾಡಿಕೊಡುವ ಕೆಲಸವನ್ನು ಅಧ್ಯಕ್ಷರು ನನಗೆ ವಹಿಸಿದರು. "ನಮ್ಮ ಮೇಷ್ಟ್ರು ಅಳೆದ್ರೆ ಮುಗೀತು, ಮತ್ತೆ ನೋಡೋ ಹಂಗಿಲ್ಲ" ಎಂದು ಆರ್ಕಿಟೆಕ್ಟಿಗೆ ಹೇಳಿದರು. ನನಗೆ ಎರಡು ದಿನ ಊಟ ಸೇರಲಿಲ್ಲ, ಹೊಗಳಿಕೆಯಲ್ಲೇ ಹೊಟ್ಟೆ ತುಂಬಿತ್ತು.

ಒಳಗೆ ಆಗಲೇ ಗಾರೆಯವರು ಹಳೆಯ ಗಿಲಾವು ಕೀಳುತ್ತಿದ್ದರು. ಧೂಳಿನಲ್ಲಿ ಟೇಪಿನ ಅಂಕಿ ಕಾಣುವಂತಿರಲಿಲ್ಲ. ನಮ್ಮ ಕಡೆ ಗಾರೆ ಕೆಲಸದವರಿಗೆ ಭಾನುವಾರ ರಜೆಯಲ್ಲ, ಅಮಾವಾಸ್ಯೆ ರಜೆ. ಅವತ್ತು ಎಂಥ ದೊಡ್ಡ ಕಟ್ಟಡವೇ ಇರಲಿ, ಕರಣೆ ಮುಟ್ಟುವುದಿಲ್ಲ. ನಾನು ಬುದ್ಧಿವಂತಿಕೆಯಿಂದ ಅಮಾವಾಸ್ಯೆಯ ದಿನವನ್ನೇ ಆರಿಸಿಕೊಂಡೆ. ನಾಲ್ಕು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಬೆಳಗ್ಗೆ ಆರಕ್ಕೆ ಹೋದರೆ ಇಡೀ ಮಿಲ್ಲಿನಲ್ಲಿ ನರಪಿಳ್ಳೆ ಇಲ್ಲ. ಒಂದು ಗೋಡೆ ಬಿಡಲಿಲ್ಲ, ಒಂದು ಕಿಟಕಿ ಬಿಡಲಿಲ್ಲ. ಸಂಜೆಯೊಳಗೆ ಎಲ್ಲ ಮುಗಿಯಿತು. ಚಪ್ಪಡಿ ಅಂಗಳದ ನಾಲ್ಕೂ ಬದಿ ಅಳೆದು, ಕರ್ಣವನ್ನೂ ಅಳೆದು, ನಕ್ಷೆಯಲ್ಲಿ ಅದರ ಮೇಲೆ ಮುದ್ದಾದ ಅಕ್ಷರದಲ್ಲಿ ಬರೆದೆ: 'ಖಾಲಿ ಅಂಗಳ. ಚಪ್ಪಡಿಗಳಲ್ಲಿ ಅಲ್ಲಲ್ಲಿ ತೂತುಗಳಿವೆ, ಸಿಮೆಂಟ್ ತುಂಬಿಸುವುದು.' ತೂತುಗಳು ಯಾಕೆ ಎರಡು ನೇರ ಸಾಲಿನಲ್ಲಿವೆ, ಯಾಕೆ ಎಲ್ಲವೂ ಒಂದೇ ಗಾತ್ರಕ್ಕಿವೆ ಎಂದು ತೂಗುಗುಂಡು ಮೇಷ್ಟ್ರಿಗೆ ಹೊಳೆಯಲಿಲ್ಲ. ಕೆಳಗೆ ರುಜು ಮಾಡಿದೆ.

ಎರಡು ತಿಂಗಳಲ್ಲಿ ನಿವೇದಿತಾ ಅವರ ನಕ್ಷೆ ಬಂತು. ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು. ಚಿಮಣಿಯ ಬುಡದಲ್ಲಿ ಓದುವ ಕಟ್ಟೆ, ಗೋದಾಮಿನ ಮಾಡಿನಿಂದ ಬೆಳಕು. ಖಾಲಿ ಅಂಗಳವನ್ನು ಒಂದಾಳುದ್ದ ಅಗೆದು, ಸುತ್ತ ಮೆಟ್ಟಿಲು ಮಾಡಿ, ಮಕ್ಕಳು ಕೂರುವ ಬಯಲು ರಂಗಮಂದಿರ. ಅಧ್ಯಕ್ಷರ ಸಮಾಧಾನಕ್ಕೆ ನಡುವೆ ಒಂದು ಪುಟಾಣಿ ಕಾರಂಜಿ. ನನಗೆ ಹೆಮ್ಮೆಯಾಗಿ ಒಂದು ಪ್ರತಿಯನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿ ಸರೋಜಾಳನ್ನು ಕರೆದೆ.

ಸರೋಜಾಳ ತವರು ಮೊಳಕಾಲ್ಮೂರು. ಅವಳಪ್ಪನದು ರೇಷ್ಮೆ ನೇಕಾರರ ಬೀದಿಯಲ್ಲಿ ಒಂದು ದಿನಸಿ ಅಂಗಡಿ. ಆ ಬೀದಿಯಲ್ಲಿ ಬೆಳಗಿನ ಹೊತ್ತು ರೇಷ್ಮೆಯ ಹಾಸನ್ನು ಬೀದಿಯುದ್ದಕ್ಕೂ ಎಳೆದು ಹಿಡಿದರೆ ಹಾಲಿನವನಿರಲಿ, ಮದುವೆ ದಿಬ್ಬಣವೇ ಇರಲಿ, ಬಗ್ಗಿ ಹೋಗಬೇಕು ಇಲ್ಲವೇ ಕಾಯಬೇಕು. ಮದುವೆಗೆ ಮುಂಚೆ ಅವಳನ್ನು ನೋಡಲು ಹೋದಾಗ ನಾವೂ ಹಾಗೇ ಅರ್ಧ ಗಂಟೆ ಬೀದಿಯ ತುದಿಯಲ್ಲಿ ನಿಂತಿದ್ದೆವು. ನಮ್ಮಪ್ಪನಿಗೆ ಬೇಸರವಾಗಲಿಲ್ಲ. ಎಳೆ ನೋಡುತ್ತಾ ನಿಂತು, ಹೆಣ್ಣಿಗಿಂತ ಹೆಚ್ಚಾಗಿ ರೇಷ್ಮೆಯ ಬಗ್ಗೆಯೇ ಆಮೇಲೆ ಮಾತಾಡಿದ. ಸರೋಜ ಆ ಬೀದಿಯ ತೆಲುಗನ್ನೂ ತನ್ನ ಜೊತೆ ತಂದಿದ್ದಾಳೆ. ಅದನ್ನು ಸಿಟ್ಟು ಬಂದಾಗ ಮಾತ್ರ ಹೊರತೆಗೆಯುತ್ತಾಳೆ.

ಅವಳು ನಕ್ಷೆಯ ಮೇಲೆ ಬೆರಳಿಟ್ಟು ಅಂಗಳವನ್ನು ಹುಡುಕಿದಳು.

"ಅಲ್ರೀ, ಕಂಬಳಿಯೋರು ಹಾಸು ಹಾಕೋ ಜಾಗ ಎಲ್ಲಿ ಹೋಯ್ತು?"

"ಯಾವ ಕಂಬಳಿಯೋರು?"

"ತಿಪ್ಪಕ್ಕ ಕಣ್ರೀ. ಗೋದಾಮಿನ ಹಿಂದಿನ ಕೇರಿಯೋಳು. ನಾನು ದಿನಾ ಬೆಳಗ್ಗೆ ತರಕಾರಿಗೆ ಹೋಗುವಾಗ ನೋಡ್ತೀನಿ, ಮುರಿದ ಗೇಟಿನಾಗಿಂದ ಕಾಣುತ್ತೆ. ಹೊತ್ತೇರೋ ಮುಂಚೆ ಬಂದು ಬಿಸಿಲಾಗೋ ಹೊತ್ತಿಗೆ ಎತ್ತಿಕೊಂಡು ಹೋಗ್ತಾರೆ."

"ನಾನು ಹೋದಾಗ ಯಾರೂ ಇರಲಿಲ್ಲವಲ್ಲ. ಬೆಳಗ್ಗೆ ಆರಕ್ಕೇ ಹೋಗಿದ್ದೆ."

"ಯಾವತ್ತು ಹೋಗಿದ್ರಿ?"

"ಅಮಾವಾಸ್ಯೆ ದಿನ."

ಸರೋಜ ನನ್ನ ಮುಖ ನೋಡಿದಳು. "ಬಾಗುಂದಿ" ಎಂದಳು. ಚೆನ್ನಾಗಿದೆ ಎಂದು ಅದರ ಅರ್ಥ. ಹೇಳಿದ ರೀತಿಯಲ್ಲಿ ಚೆನ್ನಾಗಿರುವುದು ಏನೂ ಇರಲಿಲ್ಲ. "ಕಂಬಳಿ ಮನೇನಾಗೆ ಹುಟ್ಟಿದೋರು ನೀವು. ಅಮಾವಾಸ್ಯೆ ದಿನ ನಿಮ್ಮವ್ವ ಎಂದಾದ್ರೂ ಹಾಸು ಮುಟ್ಟಿದ್ರಾ?"

ಮುಟ್ಟುತ್ತಿರಲಿಲ್ಲ. ಅಮಾವಾಸ್ಯೆಯ ದಿನ ಅವ್ವ ಗೂಟಗಳನ್ನೂ ಕಿತ್ತು ತೊಳೆದು, ಕುಂಕುಮ ಇಟ್ಟು, ಮಗ್ಗದ ಪಕ್ಕ ಒರಗಿಸುತ್ತಿದ್ದಳು. ಆ ದಿನ ನಮ್ಮನೆ ಮುಂದೆ ಗೂಟದ ತೂತುಗಳು ಮಾತ್ರ ಇರುತ್ತಿದ್ದವು. ಗಾರೆಯವರ ರಜೆ ನೆನಪಿದ್ದ ನನಗೆ ನಮ್ಮವ್ವನ ರಜೆ ನೆನಪಾಗಿರಲಿಲ್ಲ. ನಕ್ಷೆಯನ್ನು ಸುತ್ತಿಟ್ಟೆ. ಅವತ್ತು ನನ್ನ ಮೇಲೆ ನನಗೇ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಮರುದಿನ ಬೆಳಗ್ಗೆ ಮಿಲ್ಲಿಗೆ ಹೋದೆ. ಅಂಗಳದಲ್ಲಿ ಮೂರು ಹಾಸು ಅಕ್ಕಪಕ್ಕ ನಿಂತಿದ್ದವು. ಕರಿಯದೊಂದು, ಕಂದು ಬಣ್ಣದವು ಎರಡು. ನಾನು ಸಿಮೆಂಟ್ ತುಂಬಿಸಲು ಬರೆದಿದ್ದ ಒಂದೊಂದು ತೂತಿನಲ್ಲೂ ಒಂದೊಂದು ಗೂಟ. ಅರವತ್ತು ದಾಟಿದ ಒಬ್ಬ ಹೆಂಗಸು ಸೆರಗು ಸಿಕ್ಕಿಸಿಕೊಂಡು, ಈ ತುದಿಯಿಂದ ಆ ತುದಿಗೆ ಕುಂಚ ಎಳೆಯುತ್ತಾ ನಡೆಯುತ್ತಿದ್ದಳು. ಅವಳೇ ತಿಪ್ಪಕ್ಕ. ಆ ಹುಳಿ ವಾಸನೆ ಗೇಟಿನಲ್ಲೇ ನನ್ನನ್ನು ಹಿಡಿದುಕೊಂಡಿತು. ನನಗೆ ಅಳು ಬರುವಂತಾಯಿತು, ಇದರಲ್ಲಿ ಮುಚ್ಚಿಡುವುದೇನಿದೆ?

"ಏನ್ ಮೇಷ್ಟ್ರೇ, ಗೋಡೆ ಅಳೆಯಾಕೆ ಬಂದ್ರಾ?" ಎಂದಳು ನಿಲ್ಲದೆ.

"ಇಲ್ಲ ತಿಪ್ಪಕ್ಕ. ಸುಮ್ಮನೆ ನೋಡಾಕೆ ಬಂದೆ."

"ನೋಡ್ರಿ ನೋಡ್ರಿ. ಮುಂದಿನ ವಾರ ಇಲ್ಲಿ ಗುಂಡಿ ತೋಡ್ತಾರಂತೆ. ಜೇಸಿಬಿ ಹುಡುಗ ಹೇಳಿದ. ಹೌದಾ?"

ಬೇರೆಲ್ಲಾದರೂ ಹಾಸು ಹಾಕಲಾಗದೇ ಎಂದು ಕೇಳಿದೆ. ಅವಳು ಕುಂಚವನ್ನು ಗಂಜಿಯ ಬೋಗುಣಿಯಲ್ಲಿ ಅದ್ದಿ ನಿಂತಳು.

"ಎಲ್ಲಿ ಹಾಕಾಣ, ನೀವೇ ಹೇಳ್ರಿ. ರೋಡಿನಾಗೆ ಬೈಕು ಬಿಡಲ್ಲ. ಬಯಲಿಗೆ ಹೋದ್ರೆ ಹುಲ್ಲಿನ ಮುಳ್ಳು ಉಣ್ಣೆಗೆ ಹತ್ತುತೈತೆ, ಆರಿಸಿ ಮುಗಿಯಲ್ಲ. ನಮ್ಮನೆ ಮುಂದೆ ಗಾಳಿ. ಈ ಗೋದಾಮಿನ ಗೋಡೆ ಐತಲ್ಲ, ಇದೇ ನಮ್ಮಪ್ಪ. ಆಷಾಢದ ಗಾಳಿನೂ ಒಳಗೆ ಬಿಡಲ್ಲ. ಹಸಿ ಎಳೆ ಒಂದ್ಸಲ ಗಾಳಿಗೆ ಸಿಕ್ಕಾದ್ರೆ ಬಿಸಾಕಬೇಕು, ಅಷ್ಟೇ."

"ಎಷ್ಟು ಮನೆಯೋರು ಇಲ್ಲಿಗೆ ಬರ್ತೀರಿ?"

"ಒಂಬತ್ತು ಮನೆ. ಇದು ಹೋದ್ರೆ ಒಂಬತ್ತು ಮನೆಯಾಗೂ ಮಗ್ಗ ಇಳಿಸಿ ಅಟ್ಟಕ್ಕೆ ಹಾಕಾದೇ." ಇಷ್ಟು ಹೇಳಿ ಅವಳು ಮತ್ತೆ ನಡೆದಳು. ಗಂಜಿ ಒಣಗುವ ಮುಂಚೆ ಕುಂಚ ಎಳೆಯಬೇಕು, ಮಾತಿಗೆ ಕಾಯುವ ಕೆಲಸವಲ್ಲ ಅದು.

ಮನೆಗೆ ಬಂದು ಕಾಫಿ ಹಿಡಿದು ಕೂತೆ. ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ನಾನು ಬಹಳ ಕೆಟ್ಟ ಮನುಷ್ಯನಾಗಿದ್ದೆ. ನಕ್ಷೆ ಒಪ್ಪಿಗೆಗೆ ಹೋಗಿಯಾಗಿದೆ, ನನ್ನ ರುಜು ಬಿದ್ದಾಗಿದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ತಿಳಿದರೂ, ಬೆಂಗಳೂರಿನವರಿಗೆ ನಮ್ಮ ಊರಿನ ವಿಷಯ ಏನು ಗೊತ್ತಿರುತ್ತೆ ಎಂದುಬಿಟ್ಟರೆ ಊರಿಗೆ ಊರೇ ತಲೆದೂಗುತ್ತದೆ. ಆ ಹುಡುಗಿ ಬಂದದ್ದು ಒಂದೇ ಸಲ, ಅದೂ ಮಧ್ಯಾಹ್ನ. ಉಳಿದದ್ದಕ್ಕೆಲ್ಲ ಅವರು ನನ್ನ ಹಾಳೆಯನ್ನು ನಂಬಿದ್ದರು. ನಂಬಿದವರ ತಲೆಯ ಮೇಲೆ ತಪ್ಪು ಹೊರಿಸುವುದು ಎಷ್ಟು ಸುಲಭ ಎಂದು ನೋಡಿ ನನಗೇ ಅಸಹ್ಯವಾಯಿತು. ಲೋಟ ಕೆಳಗಿಟ್ಟು ನಿವೇದಿತಾ ಅವರಿಗೆ ಫೋನ್ ಮಾಡಿದೆ. ಮಂಡಳಿಯ ಮುಂದಿನ ಸಭೆಯನ್ನು ಮಿಲ್ಲಿನ ಅಂಗಳದಲ್ಲೇ, ಬೆಳಗ್ಗೆ ಏಳಕ್ಕೆ ಇಡಬೇಕೆಂದು ಅಧ್ಯಕ್ಷರನ್ನು ಕೇಳಿಕೊಂಡೆ.

ಅಧ್ಯಕ್ಷರು ಬಿಳಿ ಅಂಗಿಯಲ್ಲಿ, ನಿದ್ದೆಗಣ್ಣಿನಲ್ಲಿ ಬಂದರು. ನಿವೇದಿತಾ ರಾತ್ರಿ ಬಸ್ಸು ಹಿಡಿದು ಬಂದಿದ್ದರು. ಅಳೆಯಲು ಬಂದಿದ್ದ ನನ್ನ ನಾಲ್ಕು ಮಂದಿ ವಿದ್ಯಾರ್ಥಿಗಳನ್ನೂ ಬರಹೇಳಿದ್ದೆ. ಅವರೆದುರಿಗೇ ಆಗಲಿ ಎಂದುಕೊಂಡೆ. ತಿಪ್ಪಕ್ಕ ಮತ್ತು ಅವಳ ಕೇರಿಯವರು ಯಾವ ಸಭೆಯ ಗೊಡವೆಯೂ ಇಲ್ಲದೆ ತಮ್ಮ ಪಾಡಿಗೆ ಹಾಸು ಹಾಕುತ್ತಿದ್ದರು.

"ಈ ಅಂಗಳ ಖಾಲಿ ಅಂತ ನಾನು ಬರೆದಿದ್ದೆ. ಅದು ತಪ್ಪು. ಆರ್ಕಿಟೆಕ್ಟರ ತಪ್ಪಲ್ಲ, ನನ್ನ ತಪ್ಪು. ಅಮಾವಾಸ್ಯೆ ದಿನ ಬಂದು ಅಳೆದೆ" ಎಂದೆ.

ಅಧ್ಯಕ್ಷರ ನಿದ್ದೆ ಹಾರಿಹೋಯಿತು. "ಏನ್ರೀ ಮೇಷ್ಟ್ರೇ, ನೀವೂ ತಪ್ಪು ಅಳೀತೀರಾ!" ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಖುಷಿಯೇ ಹೆಚ್ಚಿತ್ತು. ಮೂವತ್ತು ವರ್ಷ ಕಾದಿದ್ದರೋ ಏನೋ. ಆಮೇಲೆ ಹಾಸಿನ ಕಡೆ ನೋಡಿ ಗಂಭೀರವಾದರು. "ಪಾಪ, ಅದೆಲ್ಲ ಸರಿ. ಆದ್ರೆ ಕಾಲೇಜಿನೊಳಗೆ ಕಂಬಳಿ ಕೆಲಸ ಅಂದ್ರೆ ಹೆಂಗೆ? ಅವರಿಗೆ ಗೇಟಿನಾಚೆ ರೋಡಿನ ಪಕ್ಕ ಒಂದು ಜಾಗ ಕೊಟ್ಟುಬಿಡಾಣ."

ತಿಪ್ಪಕ್ಕ ಆಗ ಮಾತಾಡಿದಳು. ಬೇಡಿಕೊಳ್ಳಲಿಲ್ಲ. ಗಂಜಿಯಲ್ಲಿ ಅದ್ದಿದ ಒಂದು ಹಿಡಿ ಎಳೆ ತೆಗೆದು, ಅದರ ಒಂದು ತುದಿಯನ್ನು ಅಧ್ಯಕ್ಷರ ಕೈಗೆ ಕೊಟ್ಟಳು.

"ಸ್ವಾಮಿ, ಇದನ್ನ ಚೂರು ಹಿಡ್ಕಂಡು ನನ್ ಜೊತೆ ಬರ್ರಿ. ನೀವು ಹೇಳಿದ ಜಾಗಕ್ಕೇ ಹೋಗಾಣ."

ಅಂಥವರಿಗೆ ಇಲ್ಲ ಎನ್ನಲಾಗುವುದಿಲ್ಲ. ಅಧ್ಯಕ್ಷರು ಒಂದು ತುದಿ, ಅವಳು ಇನ್ನೊಂದು ತುದಿ ಹಿಡಿದು, ಎಳೆಯನ್ನು ಬಿಗಿಯಾಗಿ ಎಳೆದುಕೊಂಡೇ ಗೇಟು ದಾಟಿದರು. ನಾವೆಲ್ಲ ಹಿಂದೆ. ಗೋದಾಮಿನ ಗೋಡೆ ಮುಗಿದದ್ದೇ ತಡ, ಆಷಾಢದ ಗಾಳಿ ಬೀಸಿತು. ಎಳೆಗಳು ಒಂದರ ಮೇಲೊಂದು ಬಿದ್ದು ಹೊರಳಿ, ಅಧ್ಯಕ್ಷರ ಬಿಳಿ ಅಂಗಿಯ ತೋಳಿಗೆ ಸುತ್ತಿಕೊಂಡು ಮೆತ್ತಿದವು.

"ಈಗ ಬಿಡಿಸ್ರಿ ಸ್ವಾಮಿ" ಎಂದಳು ತಿಪ್ಪಕ್ಕ.

ನಮ್ಮ ಅಧ್ಯಕ್ಷರು ಹಟವಾದಿ. ಉಂಗುರಗಳನ್ನು ತೆಗೆದು ಜೇಬಿಗೆ ಹಾಕಿಕೊಂಡು, ರಸ್ತೆಯ ಬದಿಯಲ್ಲೇ ಕುಕ್ಕರುಗಾಲಲ್ಲಿ ಕೂತು ಬಿಡಿಸಿದರು. ಒಂದು ಎಳೆ ಬಿಡಿಸಿದರೆ ಎರಡು ಹರಿಯುತ್ತಿದ್ದವು. ಹಾದುಹೋಗುವವರು ನಿಂತು ನೋಡತೊಡಗಿದರು. ಕೊನೆಗೆ ಆ ಗಂಟನ್ನು ಹಾಗೇ ಹಿಡಿದುಕೊಂಡು ಎದ್ದು ನಿಂತು, "ಆ ಗೋಡೆ ಒಳಗೇ ಇರ್ಲಿ ಬಿಡ್ರಿ ಇದು. ಏನ್ ಮೇಡಂ, ಆಗುತ್ತಾ?" ಎಂದರು.

ನಿವೇದಿತಾ ಆಗಲೇ ಅಂಗಳದಲ್ಲಿ ಚಪ್ಪಲಿ ಬಿಟ್ಟು, ಹಾಸಿನ ಪಕ್ಕ ಹೆಜ್ಜೆ ಎಣಿಸುತ್ತಾ ನಡೆಯುತ್ತಿದ್ದರು. ಎಷ್ಟು ಹೊತ್ತಿಗೆ ಬರುತ್ತೀರಿ, ಗಂಜಿ ಕಾಯಿಸುವುದೆಲ್ಲಿ, ನೀರು ಎಲ್ಲಿಂದ ಎಂದು ಒಂದೊಂದೇ ಕೇಳಿ ಬರೆದುಕೊಂಡರು. "ಸರ್, ಅಗೆಯೋದು ಬೇಡ. ಮೆಟ್ಟಿಲನ್ನ ಬಡಗಣ ಗೋಡೆಗೆ ಸೇರಿಸ್ತೀನಿ. ಅಂಗಳ ಹೀಗೇ ಸಪಾಟಾಗಿರಲಿ. ಹತ್ತು ಗಂಟೆವರೆಗೆ ಇವರದು, ಆಮೇಲೆ ಮಕ್ಕಳದು" ಎಂದರು. ಕಾರಂಜಿಯ ಮೇಲೆ ಅವರೇ ಗೆರೆ ಎಳೆದರು. ಅಧ್ಯಕ್ಷರು ತೋಳಿನ ಗಂಜಿ ಕೆರೆಯುತ್ತಾ ಅದಕ್ಕೂ ಹೂಂ ಎಂದರು. ನನ್ನ ವಿದ್ಯಾರ್ಥಿಗಳಲ್ಲೊಬ್ಬಳು ನನ್ನ ಹತ್ತಿರ ಬಂದು, "ಸರ್, ನಾವೂ ಅವತ್ತು ಖಾಲಿ ಅಂತಾನೇ ಬರ್ಕಂಡಿದ್ವಿ" ಎಂದಳು. ಸಮಾಧಾನಕ್ಕೆ ಹೇಳಿದ್ದು. ನನಗೆ ನಿಜವಾಗಿಯೂ ಸಮಾಧಾನವಾಯಿತು.

ತಿದ್ದಿದ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಮಾಡುತ್ತೇವೆಂದು ಮಕ್ಕಳು ಹೇಳಿದರೂ ನಾನು ಬಿಡಲಿಲ್ಲ. ಈ ಒಂದು ಹಾಳೆಯನ್ನು ನನ್ನ ಕೈಯಾರೆ ಬರೆಯುತ್ತೇನೆ ಎಂದೆ. ಟ್ರೇಸಿಂಗ್ ಹಾಳೆ ಹಾಸಿ, ಇಂಡಿಯನ್ ಇಂಕು ತೆಗೆದು, ಚಪ್ಪಡಿ ಚಪ್ಪಡಿಯನ್ನೂ ಬಿಡಿಸಿದೆ. ಒಂದೊಂದು ಗೂಟದ ತೂತನ್ನೂ ತೋರಿಸಿದೆ. ಸಿವಿಲ್ ಕೆಲಸದಲ್ಲಿ ಹಾಳೆಯ ಮೇಲೆ ಇಲ್ಲದ್ದು ಭೂಮಿಯ ಮೇಲೂ ಇಲ್ಲ. ನಾಳೆ ಯಾರೇ ಬಂದು ಇಲ್ಲಿ ಏನನ್ನೇ ಕಟ್ಟಲಿ, ಮೊದಲು ಈ ಹಾಳೆಯನ್ನೇ ಬಿಡಿಸಿ ನೋಡುತ್ತಾರೆ. ಅಂಗಳದ ನಡುವೆ ನನಗೆ ಬರುವಷ್ಟೂ ಚೆಂದದ ಅಕ್ಷರಗಳಲ್ಲಿ ಬರೆದೆ: 'ತಿಪ್ಪಕ್ಕನ ಅಂಗಳ.' ಬರೆದು ಬಹಳ ಹೊತ್ತು ನೋಡಿದೆ. ನನ್ನ ತಪ್ಪಿಗೆ ಇದಕ್ಕಿಂತ ಒಳ್ಳೆಯ ಪ್ರಾಯಶ್ಚಿತ್ತವಿಲ್ಲ ಎನ್ನಿಸಿತು.

ಮರುದಿನ ಬೆಳಗ್ಗೆಯೇ ಹಾಳೆಯನ್ನು ಸುತ್ತಿಕೊಂಡು ಅಂಗಳಕ್ಕೆ ಹೋದೆ. ತಿಪ್ಪಕ್ಕ ಕೈ ಒರೆಸಿಕೊಂಡು ಬಂದು ನನ್ನ ಪಕ್ಕ ಚಪ್ಪಡಿಯ ಮೇಲೆ ಕೂತಳು. ಅವಳಿಗೆ ಓದಲು ಬರುವುದಿಲ್ಲ. ಗೋದಾಮು, ಚಿಮಣಿ, ಗೇಟು ಎಲ್ಲವನ್ನೂ ಬೆರಳಿಟ್ಟು ತೋರಿಸಿದೆ. ಗೂಟದ ತೂತುಗಳನ್ನು ಅವಳೇ ಗುರುತಿಸಿ, ಒಂದೊಂದಾಗಿ ಮುಟ್ಟಿ, ಎಲ್ಲ ಸರಿ ಇವೆ ಎಂದು ತಲೆಯಾಡಿಸಿದಳು.

"ಈ ನಡುವೆ ಏನೋ ಬರೆದಿದೀರಲ್ಲ, ಏನದು?"

"ತಿಪ್ಪಕ್ಕನ ಅಂಗಳ ಅಂತ" ಎಂದೆ, ಸ್ವಲ್ಪ ಜಂಬದಿಂದಲೇ.

ಅವಳು ಆ ಅಕ್ಷರಗಳನ್ನು ನೋಡುತ್ತಾ ಕೂತಳು. ಮುಖದಲ್ಲಿ ಸಂತೋಷ ಬಂದದ್ದು ನಿಜ, ನಾನು ನೋಡಿದೆ. ಆಮೇಲೆ ಅಂದಳು:

"ನನ್ ಹೆಸ್ರು ತೆಗೀರಿ ಮೇಷ್ಟ್ರೇ."

"ಯಾಕಕ್ಕ? ನಿನ್ನಿಂದಾನೇ ಉಳಿದಿದ್ದು ಇದು."

"ನಾನೇನು ಸಾಯಾದಿಲ್ವಾ? ನಾನು ಹೋದ್ ಮ್ಯಾಲೆ ಇನ್ನೊಬ್ಬ ಮೇಷ್ಟ್ರು ಬರ್ತಾನೆ. ತಿಪ್ಪಕ್ಕ ಸತ್ಲು, ಅಂಗಳ ಬಿಡುವಾಯ್ತು ಅಂತ ಬರೀತಾನೆ. ಹಾಸು ಹಾಕೋ ಜಾಗ ಅಂತ ಬರೀರಿ. ಯಾರ್ ಹಾಕ್ತಾರೋ ಅವರದು."

ಹಾಳೆಯನ್ನು ಚಪ್ಪಡಿಯ ಮೇಲೆ ಹಾಸಿ, ಬ್ಲೇಡು ತೆಗೆದು, ಅವಳ ಹೆಸರಿನ ಇಂಕನ್ನು ಮೆಲ್ಲಗೆ ಕೆರೆದು ತೆಗೆದೆ. ತಲೆ ಎತ್ತಿ ನೋಡಿದರೆ ತಿಪ್ಪಕ್ಕ ಎದ್ದುಹೋಗಿ, ಕುಂಚ ಹಿಡಿದು ಹಾಸಿನ ಆ ತುದಿ ಮುಟ್ಟಿದ್ದಳು.